ಡೊಳ್ಳಪ್ಪಗೌಡರಿಗೊಂದು ಪಾರ್ಸೆಲ್

ಜನವರಿ 8, ಬುಧವಾರ

ಇಂದೂ ಗ್ರಂಥಾಲಯ ತಡವಾಗಿ ಹೊರಟಿತು. ಗ್ರಂಥಾಲಯ ಎಂದರೆ ‘ವನಶ್ರೀ’ ಬಸ್ಸು. ನರಸಿಂಹರಾಜಪುರ, ಕೊಪ್ಪ, ಹರಿಹರಪುರ, ಶೃಂಗೇರಿ, ಕೆರೆಕಟ್ಟೆ. ಡ್ರೈವರ್ ಹಿಂದಿನ ಕಿಟಕಿ ಸೀಟು ನನ್ನ ಅಧ್ಯಯನಪೀಠ. ಮನೆಯಲ್ಲಿ ಅಮ್ಮನ ಹೊಲಿಗೆ ಮೆಷಿನ್ನಿನ ಕಟಕಟ, ಒಂದು ಸಾಲೂ ತಲೆಗೆ ಹೋಗುವುದಿಲ್ಲ. ಇಲ್ಲಿ ಟಿಕೆಟ್ ಫ್ರೀ. ಕಂಡಕ್ಟರ್ ಮಂಜಪ್ಪನವರು ನನ್ನ ಅಪ್ಪ.

ಎಂ.ಎಸ್ಸಿ. ಬಯೋಕೆಮಿಸ್ಟ್ರಿ, ಕೊನೆಯ ಸೆಮಿಸ್ಟರ್. ರಿವ್ಯೂ ಪ್ರಬಂಧ ಬರೆಯಲು ಊರಿಗೆ ಬಿಟ್ಟಿದ್ದಾರೆ. ಮೆದುಳಿನ ಕೋಶಗಳ ನಡುವಿನ ಸಂಪರ್ಕ ವರ್ಷಗಳು ಕಳೆದಂತೆ ಹೇಗೆ ಸಡಿಲವಾಗುತ್ತದೆ, ಯಾವ ಯಾವ ಅಣುಗಳು ಆ ಕೆಲಸ ಮಾಡುತ್ತವೆ — ಇದು ವಿಷಯ. ಗೈಡ್ ಹೊರಿಸಿದ್ದು. ಅರ್ಪಿತಾ ಎಂಬ ಈ ಸಾಧ್ವಿ ತಾನಾಗಿ ಆರಿಸಿಕೊಂಡದ್ದಲ್ಲ ಎಂದು ಮುಂದಿನ ತಲೆಮಾರುಗಳ ಅವಗಾಹನೆಗಾಗಿ ದಾಖಲಿಸಲಾಗಿದೆ.

ಇಂದಿನ ಸತ್ಕಾರ್ಯ: ಅರ್ಧ ಇಟ್ಟಿಗೆಯನ್ನು ಪೇಪರಿನಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಕೊಪ್ಪ ಸ್ಟ್ಯಾಂಡಿನ ಹೂವಿನಂಗಡಿಯ ಪವಿತ್ರಾಳ ಕೈಯಿಂದ ಅಪ್ಪನಿಗೆ ಕೊಡಿಸಿದೆ. “ಡೊಳ್ಳಪ್ಪಗೌಡ್ರಿಗಂತೆ. ಹರಿಹರಪುರ ದಾಟಿ ಮೂರನೇ ಹಲಸಿನಮರ.” ಅಂಥ ಗೌಡರು ಈ ಭೂಮಂಡಲದಲ್ಲಿಲ್ಲ.

ಈ ಬಸ್ಸಿನಲ್ಲೊಂದು ಧರ್ಮವಿದೆ. ಪಾರ್ಸೆಲ್ ಮೇಲೆ ಹೆಸರು ಬರೆಯಕೂಡದು. ಬಾಯಲ್ಲಿ ಹೇಳಬೇಕು — ಇಂಥವರಿಗೆ, ಇಂಥ ಸ್ಟಾಪಿನಲ್ಲಿ. ಅಪ್ಪ ತಲೆಯಾಡಿಸಿ ಬಾನೆಟ್ ಪಕ್ಕ ಇಡುತ್ತಾರೆ. ಮೋಟರಿನ ಬೇರಿಂಗು, ಮಾತ್ರೆ, ಕನ್ನಡಕ, ಬಾಣಂತಿ ಲೇಹ್ಯ — ಎಲ್ಲವೂ ಅವರ ತಲೆಯಲ್ಲೇ ಊರು ಸೇರುತ್ತವೆ. ಹೊಸಬರು ಪೆನ್ನು ತೆಗೆದರೆ ಅವಮಾನ. “ಬರ್ದು ಕೊಡೋದಾದ್ರೆ ಪೋಸ್ಟಾಫೀಸಿಗೆ ಕೊಡಿ ಮಾರಾಯ್ರೆ.”

ಅಪ್ಪ ಇಟ್ಟಿಗೆಯ ಗಂಟನ್ನೊಮ್ಮೆ ನೋಡಿದರು, ಅಷ್ಟೇ. ಮೂರನೇ ಹಲಸಿನಮರ ಬಂದಾಗ ಎದ್ದು, ಬಹಳ ಮರ್ಯಾದೆಯಿಂದ ಅದನ್ನು ತಂದು ನನ್ನ ತೊಡೆಯ ಮೇಲಿಟ್ಟರು. “ಡೊಳ್ಳಪ್ಪಗೌಡ್ರು ಮನೆ ಬದ್ಲಾಯ್ಸಿದ್ರಂತೆ. ಈಗ ಈ ಸೀಟಲ್ಲೇ ವಾಸ.”

ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ತುಟಿಯ ಎಡತುದಿ ಮಾತ್ರ ಸ್ವಲ್ಪ. ಗಾಂಭೀರ್ಯದಲ್ಲಿ ನನ್ನ ಗುರುಪರಂಪರೆ ಇವರೇ.

“ಹೆಂಗೆ ಗೊತ್ತಾಯ್ತಪ್ಪ?”

“ನಿನ್ನ ಗಂಟು ಬಿಚ್ಚೋಕೆ ಬರಲ್ಲ, ಕಟ್ಟೋಕೂ ಬರಲ್ಲ. ಕೊಪ್ಪ ತಾಲೂಕಲ್ಲಿ ಹಿಂಗೆ ಕಟ್ಟೋದು ನೀನೊಬ್ಳೆ.”

ಜನವರಿ 13, ಸೋಮವಾರ. ಶೃಂಗೇರಿ ಸ್ಟ್ಯಾಂಡ್, ಟೀ ಹೊತ್ತು

ಡ್ರೈವರ್ ಯಶವಂತಣ್ಣನಿಗೆ ಉಪನ್ಯಾಸ. ಅವನು ಬೇಡವೆಂದರೂ.

ಎರಡು ಕೋಶಗಳ ನಡುವೆ ಸಣ್ಣ ಸಂದು. ಆಚೆಯಿಂದ ರಾಸಾಯನಿಕ ಬರುತ್ತದೆ, ಈಚೆ ಕೋಶದ ಹೊರಮೈಯ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಗ್ರಾಹಕ ಹೆಚ್ಚಿದಷ್ಟೂ ನಂಟು ಗಟ್ಟಿ. ಕ್ಯಾಲ್ಸಿಯಂ ಒಮ್ಮೆಲೇ ನುಗ್ಗಿದರೆ ಒಂದು ತಂಡದ ಕಿಣ್ವಗಳು ಎದ್ದು ಇನ್ನಷ್ಟು ಗ್ರಾಹಕಗಳನ್ನು ತಂದು ನಿಲ್ಲಿಸುತ್ತವೆ. ಅದೇ ಕ್ಯಾಲ್ಸಿಯಂ ತೊಟ್ಟು ತೊಟ್ಟಾಗಿ ಬಹಳ ಹೊತ್ತು ಸೋರಿತೆನ್ನಿ — ಬೇರೆ ತಂಡ ಏಳುತ್ತದೆ. ಕ್ಯಾಲ್ಸಿನ್ಯೂರಿನ್ ಮತ್ತು ಬಳಗ. ಗ್ರಾಹಕಗಳಿಗೆ ಅಂಟಿದ ಫಾಸ್ಫೇಟ್ ಕೀಳುತ್ತವೆ. ಗ್ರಾಹಕಗಳು ಕೋಶದೊಳಕ್ಕೆ ಸೆಳೆದುಹೋಗುತ್ತವೆ. ನಂಟು ಸಡಿಲ.

“ಅಂದ್ರೆ ಸ್ಟಾಪಲ್ಲಿ ಕೈ ತೋರ್ಸೋರು ಕಮ್ಮಿ ಆದ್ರೆ ನಾವು ನಿಲ್ಸೋದು ಬಿಡ್ತೀವಲ್ಲ, ಹಂಗೆ” ಎಂದ ಯಶವಂತಣ್ಣ.

“ಭೇಷ್. ನಿನಗೆ ಡಾಕ್ಟರೇಟ್ ಮಂಜೂರಾಗಿದೆ.”

“ಹಂಗಾರೆ ಮರ್ಯೋದೂ ಒಂದು ಕೆಲ್ಸವೇ ಅನ್ನು” ಎಂದರು ಅಪ್ಪ.

“ಹೌದಪ್ಪ. ಮರೆಯದಿದ್ದರೆ ಹೊಸದಕ್ಕೆ ಜಾಗ ಎಲ್ಲಿ?”

“ಮತ್ತೆ! ಹರಿದ ಟಿಕೆಟೆಲ್ಲ ಜೇಬಲ್ಲೇ ಇಟ್ಕೊಂಡ್ರೆ ಅಂಗಿನೂ ಹರೀತದೆ.”

ಸಂಜೆ ಹರಿಹರಪುರದಲ್ಲಿ ಗಲಾಟೆ. ಶ್ರೀವಾಣಿ ಟೀಚರ್ ರೇಷ್ಮೆ ಬ್ಲೌಸ್ ಪೀಸಿನ ಪೊಟ್ಟಣ ಬಿಚ್ಚಿದರೆ ಒಳಗೆ ನಲ್ಲಿಯ ವಾಷರ್. ಶೃಂಗೇರಿಯ ಲಾಡ್ಜಿನವರಿಗೆ ವಾಷರಿನ ಬದಲು ರೇಷ್ಮೆ. ಬಸ್ಸಿಡೀ ನಕ್ಕಿತು, ಎಲ್ಲರೂ ನನ್ನ ಕಡೆ ತಿರುಗಿದರು. “ಈ ಕೂಸಿಂದೇ ಕೆಲ್ಸ!” ಟೀಚರ್ ಕೂಡ ನಕ್ಕುಬಿಟ್ಟರು.

ಎದ್ದು ನಿಂತು ಕೈಮುಗಿದೆ. ನಾನು ಮಾಡಿದ್ದಲ್ಲ. ಆದರೆ ಎಷ್ಟು ಒಳ್ಳೆಯ ಕುಚೇಷ್ಟೆ! ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಜನವರಿ 21, ಮಂಗಳವಾರ

ಮತ್ತೆ. ಈ ಸಲ ಕನ್ನಡಕ. ನರಸಿಂಹರಾಜಪುರದಲ್ಲಿ ಇಳಿಸಬೇಕಾದ್ದು ಕೊಪ್ಪದ ಬೇಕರಿಯಲ್ಲಿ ಇಳಿದಿತ್ತು. ಕನ್ನಡಕದ ಯಜಮಾನರು ಸ್ಟಾಪಿನಲ್ಲಿ ಕಾಯುತ್ತಿದ್ದರು. ಅಪ್ಪ ಬಾನೆಟ್ ಪಕ್ಕ ಹುಡುಕಿದರು. ಸೀಟಿನ ಕೆಳಗೆ. ಮತ್ತೆ ಬಾನೆಟ್ ಪಕ್ಕ.

ಆಗ ಅವರ ಮುಖ ನೋಡಿದೆ. ಬಾಗಿಲು ತೆಗೆದರೆ ಆ ಕಡೆ ಕೋಣೆಯೇ ಇಲ್ಲ ಎಂಬಂಥ ಮುಖ. ಒಂದು ಕ್ಷಣ ಅಷ್ಟೇ. ಮರುಕ್ಷಣ ನನ್ನ ಕಡೆ ತಿರುಗಿ ಬೆರಳು ತೋರಿಸಿದರು. “ಪಾರ್ಸೆಲ್ ಮುಟ್ಬೇಡ ಅಂತ ಹೇಳಿದ್ನಾ ಇಲ್ವಾ? ಎಲ್ಲಿ ಇಟ್ಟಿದ್ದೀ?”

ಅಪ್ಪ ನಾಟಕ ಆಡುತ್ತಿರಲಿಲ್ಲ. ನಿಜವಾಗಿಯೂ ನಾನೇ ಎಂದುಕೊಂಡಿದ್ದರು.

“ತಪ್ಪಾಯ್ತು ಮಹಾಸ್ವಾಮಿ” ಎಂದೆ.

ಅವರ ಭುಜ ಇಳಿಯಿತು. ಉಸಿರು ಬಿಟ್ಟರು. “ಇವ್ಳಿಗೆ ಮದುವೆ ಮಾಡಿ ಕಳಿಸ್ಬೇಕು, ಆಗ ಈ ಬಸ್ಸಿಗೆ ನೆಮ್ಮದಿ” ಎಂದು ಕನ್ನಡಕದವರಿಗೆ ಹೇಳಿ ನಕ್ಕರು.

ಅಪ್ಪನಿಗೆ ಐವತ್ತಾರು.

ಜನವರಿ 22, ಬುಧವಾರ

ಓದಬಾರದಿತ್ತು. ಓದಿದೆ.

ಬೇಡವಾದ ಸಂಪರ್ಕಕ್ಕೆ ಒಂದು ಪ್ರೊಟೀನು ಗುರುತು ಹಚ್ಚುತ್ತದೆ — ಕಡಿಯಬೇಕಾದ ಮರಕ್ಕೆ ಫಾರೆಸ್ಟಿನವರು ಮಾರ್ಕ್ ಹಾಕುವಂತೆ. ಮೆದುಳಿನ ಕಾವಲು ಕೋಶಗಳು ಬಂದು ಗುರುತಾದದ್ದನ್ನು ತಿನ್ನುತ್ತವೆ. ಬೆಳೆಯುವ ಮಕ್ಕಳಲ್ಲಿ ಇದು ಬೇಕಾದ್ದೇ. ಕೆಲವು ಕಾಯಿಲೆಗಳಲ್ಲಿ ಬೇಕಾದ ಮರಕ್ಕೂ ಮಾರ್ಕ್ ಬೀಳುತ್ತದೆ. ಅಮೈಲಾಯ್ಡ್ ಎಂಬ ಪ್ರೊಟೀನಿನ ಸಣ್ಣ ಸಣ್ಣ ಗುಂಪುಗಳು ಬಂದು, ಮರೆಯಲೆಂದು ಇರುವ ಆ ಮಾಮೂಲಿ ಯಂತ್ರವನ್ನೇ ಹಿಡಿದು ನಿಲ್ಲಿಸದೆ ಓಡಿಸುತ್ತವೆ. ಕೋಶ ಸಾಯುವುದು ಆಮೇಲೆ. ಮೊದಲು ಹೋಗುವುದು ನಂಟು.

ಪುಟದ ಅಂಚಿನಲ್ಲಿ ‘ಕನ್ನಡಕ’ ಎಂದು ಬರೆದು ಹೊಡೆದುಹಾಕಿದೆ.

ನಿದ್ದೆಗೆಟ್ಟಿದ್ದಾರೆ, ಅಷ್ಟೇ ಇರಬಹುದು. ಎಲ್ಲರೂ ಮರೆಯುತ್ತಾರೆ. ನಾನು ನಿನ್ನೆ ಚಪ್ಪಲಿ ಬಿಟ್ಟು ಬಂದೆ. ಮೆಡಿಕಲ್ ಓದುವವರಿಗೆ ಎಲ್ಲಾ ಕಾಯಿಲೆ ಬಂದಂತೆ ಅನಿಸುತ್ತದಂತೆ. ನನ್ನದು ಅಪ್ಪನಿಗೆ ಬಂದಂತೆ ಅನಿಸುವ ಕಾಯಿಲೆ... ಇರಲಿ.

ಫೆಬ್ರವರಿ 9, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬಿಡುವಿರಲಿಲ್ಲ. ನಾನೀಗ ವನಶ್ರೀಯ ಅನಧಿಕೃತ ಸಬ್-ಕಂಡಕ್ಟರ್.

ಪಾರ್ಸೆಲ್ ಕೊಡುವವರು ಹೇಳುವುದನ್ನು ಕಿವಿಗೊಟ್ಟು ಕೇಳುತ್ತೇನೆ. ಸ್ಟಾಪು ಬರುವ ಮೊದಲು ಕೆಮ್ಮುತ್ತೇನೆ, ಇಲ್ಲವೇ ಹಾಡುತ್ತೇನೆ: “ಬೇರಿಂಗಿನ ಒಡೆಯರು ದಾರಿ ಕಾಯುತಿಹರು...” ಅಪ್ಪ ಬೈಯುತ್ತಾ ಬೇರಿಂಗು ಎತ್ತಿ ಕೊಡುತ್ತಾರೆ. ಪ್ಯಾಸೆಂಜರುಗಳಿಗೆ ಮನರಂಜನೆ. ಓದು ಒಂದು ಪುಟವೂ ಆಗಿಲ್ಲ.

ಡಾಕ್ಟರ ಹತ್ತಿರ ಹೋಗೋಣ ಎನ್ನಲು ಬಾಯಿ ತೆಗೆದೆ, ಮುಚ್ಚಿದೆ. ಬಸ್ಸಿನ ಮಾಲೀಕರ ಕಿವಿಗೆ ಬಿದ್ದರೆ ಮಾರನೆಯ ದಿನ ಬೇರೆ ಕಂಡಕ್ಟರ್. ಬಸ್ಸಿಲ್ಲದ ಅಪ್ಪನನ್ನು ನಾನು ನೋಡಿಲ್ಲ.

ನಿನ್ನೆ ಒಂದು ಪಾಪದ ಕೆಲಸ ಮಾಡಿದೆ. ಪರೀಕ್ಷೆ. ಅದೇ ಅರ್ಧ ಇಟ್ಟಿಗೆ, ಅದೇ ಬಾಳೆನಾರು, ನನ್ನದೇ ಗಂಟು. ಪವಿತ್ರಾಳ ಕೈಯಲ್ಲೇ ಕೊಡಿಸಿದೆ. ಡೊಳ್ಳಪ್ಪಗೌಡ್ರಿಗೆ, ಮೂರನೇ ಹಲಸಿನಮರ. ಗುರುತು ಹಿಡಿಯುತ್ತಾರೆ ಎಂದುಕೊಂಡೆ. ತೊಡೆಯ ಮೇಲೆ ತಂದಿಡುತ್ತಾರೆ. ಆಗ ನನ್ನ ಹುಚ್ಚು ಬಿಡುತ್ತದೆ.

ಅಪ್ಪ ಗಂಟು ನೋಡಿದರು. ಬಾನೆಟ್ ಪಕ್ಕ ಇಟ್ಟರು.

ಮೂರನೇ ಹಲಸಿನಮರ. ಸೀಟಿ ಊದಿದರು. ಬಸ್ಸು ನಿಂತಿತು. ಕೆಳಗಿಳಿದು, ಕೈಯಲ್ಲಿ ಇಟ್ಟಿಗೆ ಹಿಡಿದು, ಯಾರೂ ಇಲ್ಲದ ತಿರುವಿನಲ್ಲಿ ಕರೆದರು — “ಡೊಳ್ಳಪ್ಪಗೌಡ್ರೇ! ಓ ಡೊಳ್ಳಪ್ಪಗೌಡ್ರೇ!”

ಯಶವಂತಣ್ಣ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ. ಹಿಂದಿನ ಸೀಟಿನವರು ಸಿಳ್ಳೆ ಹೊಡೆದರು. ಅಪ್ಪ ತಿರುಗಿ ಬಸ್ಸು ನೋಡಿದರು. ಯಾಕೆ ನಗುತ್ತಿದ್ದಾರೆ ಎಂದು ಅವರಿಗೆ ತಿಳಿಯಲಿಲ್ಲ.

ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಗಲೇಬೇಕಿತ್ತು.

ಫೆಬ್ರವರಿ 11, ಮಂಗಳವಾರ

ಅಮ್ಮನಿಗೆ ಹೇಳಿದೆ. ಮೆಷಿನ್ನು ನಿಲ್ಲಿಸದೆ ಕೇಳಿದರು.

“ಅಮ್ಮ, ಬ್ಲೌಸು, ಕನ್ನಡಕ, ಯಾವುದೂ ನಾನಲ್ಲ. ಅಪ್ಪನಿಗೆ ನೆನಪು ಹೋಗ್ತಿದೆ. ದೇವರಾಣೆ.”

“ಯಾವ ದೇವ್ರು? ಹೋದ ವರ್ಷ ಯಶವಂತನಿಗೆ ಕಟ್ಟಹಾವು ಕಚ್ಚಿತು ಅಂತ ಆಣೆ ಇಟ್ಯಲ್ಲ, ಆ ದೇವ್ರಾ? ಬರಿಗಾಲಲ್ಲಿ ಸ್ಟ್ಯಾಂಡಿಗೆ ಓಡಿದ್ದೆ ನಾನು. ಅವ ನೋಡಿದ್ರೆ ಬೋಂಡ ತಿಂತಾ ಕೂತಿದ್ದ.”

“ಅದು ಬೇರೆ ಅಮ್ಮ—”

“ಇಡೀ ಬಸ್ಸಿನ ಎದುರು ಅಪ್ಪನ್ನ ಮಂಗ ಮಾಡಿದ್ಯಂತೆ. ಈಗ ಬೈಗುಳ ತಪ್ಪಿಸ್ಕೊಳ್ಳೋಕೆ ಅವ್ರಿಗೆ ಕಾಯಿಲೆ ಕಟ್ತೀಯಾ? ನಾಚ್ಕೆ ಆಗ್ಬೇಕು ಕಣೆ.”

ಮೆಷಿನ್ನು ಮತ್ತೆ ಕಟಕಟ.

ಇಪ್ಪತ್ತಮೂರು ವರ್ಷದ ಸುಳ್ಳು ಗಾಂಭೀರ್ಯವನ್ನು ಕೂಡಿಟ್ಟವಳಿಗೆ, ನಿಜವಾದದ್ದು ಬೇಕಾದಾಗ ಬೇರೆ ಮುಖ ಇಲ್ಲ. ಇದೇ ಮುಖ. ಇದೇ ದನಿ.

ಫೆಬ್ರವರಿ 17, ಸೋಮವಾರ

ಯೂನಿವರ್ಸಿಟಿಗೆ ಹೊರಟೆ. ಗುರುವಾರ ಸೆಮಿನಾರ್. ಹೋಗಲೇಬೇಕು.

ಯಶವಂತಣ್ಣನನ್ನು ಪಕ್ಕಕ್ಕೆ ಕರೆದೆ. “ಪಾರ್ಸೆಲ್ ಕಡೆ ಒಂದು ಕಣ್ಣಿಡು ಅಣ್ಣ. ಅಪ್ಪನಿಗೆ ಸ್ವಲ್ಪ... ಮರೆಗುಳಿ ಆಗಿದೆ.”

ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನನ್ನ ಕೈಲಿ ಎಂತ ಮಾಡ್ಸಕೆ ಹೊರಟಿದ್ದೀ ಮಾರಾಯ್ತಿ? ನಾ ಬರಲ್ಲ ನಿನ್ನ ಆಟಕ್ಕೆ.”

ಬಸ್ಸು ಹೋಯಿತು. ಬಾಗಿಲಲ್ಲಿ ಅಪ್ಪ ಕೈಬೀಸಿದರು. ಕೆಮ್ಮಲು ಯಾರೂ ಇಲ್ಲ ಒಳಗೆ.

ಫೆಬ್ರವರಿ 20, ಗುರುವಾರ. ವಾಪಸ್ ಬರುವ ಬಸ್ಸಿನಲ್ಲಿ

ಸೆಮಿನಾರ್ ಮುಗಿಯಿತು. ಹಿಂದಿನ ಸಾಲಿನಿಂದ ಯಾರೋ ಕೇಳಿದರು, ಹೀಗೆ ಸಡಿಲವಾದದ್ದು ಮತ್ತೆ ಗಟ್ಟಿಯಾಗುತ್ತದೆಯೇ ಎಂದು. ಉತ್ತರಿಸಿದೆ — ಒಳಕ್ಕೆ ಹೋದ ಗ್ರಾಹಕಗಳು ಮತ್ತೆ ಹೊರಬರಬಹುದು. ಸಂಪರ್ಕವನ್ನೇ ತಿಂದು ಹಾಕಿದ್ದರೆ ಅದು ಮರಳುವುದಿಲ್ಲ. ಚಪ್ಪಾಳೆ. ಅದು ನಿಲ್ಲುವ ಮೊದಲೇ ವೇದಿಕೆ ಇಳಿದೆ. ಸ್ಟೇಜ್ ಫಿಯರ್ ಎಂದುಕೊಂಡರು.

ಹೊರಗೆ ಬಂದರೆ ಫೋನು. ಯಶವಂತಣ್ಣ.

ಕೆರೆಕಟ್ಟೆಯ ಸೀತಕ್ಕನಿಗೆ ಫಿಟ್ಸ್. ಸ್ಟಾಪಿನೆದುರು ಸಣ್ಣ ಅಂಗಡಿ ಇಟ್ಟುಕೊಂಡವರು. ತಿಂಗಳಿಗೊಮ್ಮೆ ಕೊಪ್ಪದ ಮೆಡಿಕಲ್ಲಿನಿಂದ ನಮ್ಮ ಬಸ್ಸಿನಲ್ಲೇ ಅವರ ಮಾತ್ರೆ ಹೋಗುತ್ತದೆ. ಮಂಗಳವಾರ ಬೆಳಿಗ್ಗೆ ಕೊಟ್ಟದ್ದು ತಲುಪಿರಲಿಲ್ಲ. ಇದ್ದ ಮಾತ್ರೆ ಮುಗಿದಿತ್ತು. ಇಂದು ಬೆಳಿಗ್ಗೆ ಒಲೆಯ ಮುಂದೆ ಬಿದ್ದಿದ್ದಾರೆ. ಕೈ ಸುಟ್ಟಿದೆ. ಪಕ್ಕದ ಮನೆಯವರು ಎಳೆದಿದ್ದಕ್ಕೆ ಅಷ್ಟಕ್ಕೇ ಉಳಿಯಿತು.

ಮಾತ್ರೆ ಪೊಟ್ಟಣ ನರಸಿಂಹರಾಜಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತಂತೆ.

“ಎಂತ ಮಾಡಿಟ್ಟು ಹೋಗಿದ್ದೀ ನೀನು?” ಎಂದ ಯಶವಂತಣ್ಣ. ನಗು ಇರಲಿಲ್ಲ ದನಿಯಲ್ಲಿ.

ನಾನು ಮಾಡಿಟ್ಟದ್ದು ಏನು ಎಂದು ನನಗೆ ಗೊತ್ತಿದೆ. ಒಂದು ತಿಂಗಳು ಎಲ್ಲ ತಪ್ಪನ್ನೂ ನನ್ನದೆಂದೆ. ಅಪ್ಪನಿಗೆ ಸಮಾಧಾನ, ಊರಿಗೆ ನಗು. ತೊಟ್ಟು ತೊಟ್ಟಾಗಿ.

ಫೆಬ್ರವರಿ 21, ಶುಕ್ರವಾರ

ಕೆರೆಕಟ್ಟೆಗೆ ಹೋದೆವು. ಅಪ್ಪ, ನಾನು. ಸೀತಕ್ಕ ಜಗುಲಿಯಲ್ಲಿ ಕೂತಿದ್ದರು, ಕೈಗೆ ಬ್ಯಾಂಡೇಜು. ನನ್ನನ್ನು ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ತಮಾಷೆಗೂ ಒಂದು ಹದ ಇರ್ತದೆ ಕೂಸೆ. ಮಾತ್ರೆ ಜೊತೆ ಆಡಬಾರ್ದಿತ್ತು.”

ಸುತ್ತ ನಿಂತವರು ನನ್ನನ್ನೇ ನೋಡುತ್ತಿದ್ದರು. ಅಪ್ಪನೂ. ನಾನು ಕಾಲ್ಬೆರಳು ನೋಡಿದೆ. ‘ನಾನಲ್ಲ’ ಎಂದರೆ, ಅಷ್ಟು ಜನರ ಎದುರು ತಪ್ಪು ಹೊರಲು ಉಳಿಯುವುದು ಅಪ್ಪ ಒಬ್ಬರೇ.

ವಾಪಸ್ ಬರುವಾಗ ಬಸ್ಸು ಖಾಲಿ. ಅಪ್ಪ ಬಂದು ನನ್ನ ಪಕ್ಕ ಕೂತರು. ಕಂಡಕ್ಟರ್ ಸೀಟು ಬಿಟ್ಟು ಅವರು ಕೂತದ್ದು ನೋಡಿರಲಿಲ್ಲ.

“ಸೋಮವಾರದಿಂದ ನೀನು ಊರಲ್ಲಿ ಇರ್ಲಿಲ್ಲ ಅಲ್ವನೆ?”

“ಇರಲಿಲ್ಲಪ್ಪ.”

“ಮಾತ್ರೆ ಕೊಟ್ಟದ್ದು ಮಂಗಳವಾರ.”

“ಹೌದು.”

ಬೆರಳು ಮಡಿಸಿ ದಿನ ಎಣಿಸಿದರು. ಆಮೇಲೆ ಮೆಲ್ಲಗೆ, ಪಾಠ ಹೇಳಿಕೊಡುವವರ ಹಾಗೆ: “ನೀನು ಪವಿತ್ರನ ಕೈಲಿ ಹೇಳಿ ಹೋಗಿದ್ದೀ, ಅವ್ಳು ಅದಲು ಬದಲು ಮಾಡಿದ್ಲು. ಹಂಗೆ ತಾನೆ? ಹೇಳು ಮಗಾ. ಬೈಯೋದಿಲ್ಲ ನಾನು.”

ಹೂಂ ಎನ್ನಬಹುದಿತ್ತು. ತುದಿನಾಲಿಗೆಯಲ್ಲಿತ್ತು. ಹೂಂ ಎಂದರೆ ಆ ಭುಜ ಮತ್ತೆ ಇಳಿಯುತ್ತದೆ, ಆ ಉಸಿರು ಮತ್ತೆ ಹೊರಬರುತ್ತದೆ. ಸೀತಕ್ಕನ ಕೈ ಕಣ್ಣ ಮುಂದೆ ಬಂತು.

“ಇಲ್ಲಪ್ಪ.”

“ಕನ್ನಡಕ?”

“ನಾನಲ್ಲ.”

“ಟೀಚರ ಬ್ಲೌಸು?”

“ಅದೂ ಅಲ್ಲ. ಸುಮ್ಮನೆ ಒಪ್ಪಿಕೊಂಡೆ.”

ಅಪ್ಪ ಟಿಕೆಟ್ ಮೆಷಿನ್ನಿನ ಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಡೊಳ್ಳಪ್ಪಗೌಡ್ರು?”

“ಅವರು ನನ್ನವರೇ.”

“ಹಾಂ. ಒಂದಾದ್ರೂ ನಿಂದು ಉಂಟಲ್ಲ ಮಾರಾಯ್ತಿ” ಎಂದು ನಕ್ಕರು. ನಕ್ಕಿದ್ದು ಅರ್ಧಕ್ಕೇ ನಿಂತಿತು. “ನಿನ್ನ ಗಂಟು ನಂಗೆ ಗೊತ್ತಾಗ್ಲಿಲ್ಲ ಅಲ್ವನೆ.”

ಯಶವಂತಣ್ಣ ಕನ್ನಡಿಯಲ್ಲಿ ನೋಡುತ್ತಿದ್ದ. ಎಲ್ಲಾ ಕೇಳಿಸಿಕೊಂಡಿದ್ದ. ಶೃಂಗೇರಿಯಲ್ಲಿ ಕೇಳದೆಯೇ ಮೂರು ಟೀ ತಂದ.

ಫೆಬ್ರವರಿ 24, ಸೋಮವಾರ

ಮಾಲೀಕರಿಗೆ ಅಪ್ಪ ತಾವೇ ಹೇಳಿದರು. ಡಾಕ್ಟರ ಪರೀಕ್ಷೆ ಆಗುವವರೆಗೆ ರಜೆ. ಆಮೇಲಿನದು ಆಮೇಲೆ ಎಂದರಂತೆ. ಸೀತಕ್ಕನಿಗೂ ಅಪ್ಪನೇ ಫೋನು ಮಾಡಿ ಹೇಳಿದರು.

ಅಮ್ಮ ಮೆಷಿನ್ನಿಗೆ ಕವರ್ ಹಾಕಿ ಕೂತಿದ್ದಾರೆ. ನನ್ನ ತಲೆ ಸವರಿದರು.

ಮಾರ್ಚ್ 3, ಸೋಮವಾರ. ಶಿವಮೊಗ್ಗ, ಆಸ್ಪತ್ರೆಯ ಬೆಂಚು, ಬೆಳಿಗ್ಗೆ

ಟೋಕನ್ ಇನ್ನೂ ದೂರ ಇದೆ. ಕೂತು ಬರೆಯುತ್ತಿದ್ದೇನೆ.

ಕೊಪ್ಪದ ಡಾಕ್ಟರು ಹೇಳಿದ್ದು: ಬಿ-ಟ್ವೆಲ್ವ್ ಕಮ್ಮಿಯಾದರೂ ಹೀಗಾಗಬಹುದು, ಥೈರಾಯ್ಡ್ ಇರಬಹುದು, ನಿದ್ದೆ ಇರಬಹುದು. ಅವಾದರೆ ಮದ್ದಿದೆ. ಅಲ್ಲದಿದ್ದರೆ ಸ್ಕ್ಯಾನ್ ನೋಡೋಣ. ರಕ್ತದ ರಿಪೋರ್ಟ್ ಇಂದು ಇಲ್ಲಿ ಸಿಗುತ್ತದೆ. ‘ಇರಬಹುದು’ ಎಂಬ ಶಬ್ದಕ್ಕೆ ಮನಸ್ಸಿನಲ್ಲೇ ಕಾಯಿ ಒಡೆದಿದ್ದೇನೆ. ನಾಟಕವಲ್ಲ.

ಯಶವಂತಣ್ಣ ಬಸ್ಸಿನಲ್ಲಿ ದಪ್ಪ ಮಾರ್ಕರ್ ಪೆನ್ನು ಇಟ್ಟಿದ್ದಾನಂತೆ. ಪಾರ್ಸೆಲ್ಲಿಗೆಲ್ಲ ಈಗ ಹೆಸರು. ಅಪ್ಪನಿಗೆ ಹೇಳಿದೆ. “ದೊಡ್ಡಕ್ಷರದಲ್ಲಿ ಬರೀರಿ ಅನ್ನು” ಎಂದರು.

ಈಗಷ್ಟೇ ಒಂದು ಸಂಗತಿ ನಡೆಯಿತು. ಬರೆದಿಡಬೇಕು.

ಅಪ್ಪ ಕೈಚೀಲದಿಂದ ಒಂದು ಪೊಟ್ಟಣ ತೆಗೆದರು. ಪೇಪರ್ ಸುತ್ತಿ ಬಾಳೆನಾರು ಕಟ್ಟಿದೆ. ಹಿಡಿದರೆ ಭಾರ. ನನ್ನ ತೊಡೆಯ ಮೇಲಿಟ್ಟರು.

“ಊರಿಗೆ ಹೋದ್ಮೇಲೆ ನೆನಪಿಟ್ಟು ತಲುಪಿಸ್ಬೇಕು ಮಗಾ. ಪಾಪ, ತುಂಬಾ ದಿನದಿಂದ ಕಾಯ್ತಿದ್ದಾರೆ.”

ಮೇಲೆ ದೊಡ್ಡಕ್ಷರದಲ್ಲಿ ಬರೆದಿದೆ. ಡೊಳ್ಳಪ್ಪಗೌಡರು. ಮೂರನೇ ಹಲಸಿನಮರ.

ತಲೆಯೆತ್ತಿ ನೋಡಿದೆ. ಮುಖದಲ್ಲಿ ಒಂದು ಗೆರೆ ಅಲ್ಲಾಡುತ್ತಿಲ್ಲ. ಇದು ಅಪ್ಪ ನನಗೆ ತಿರುಗಿ ಕೊಟ್ಟ ಏಟು — ಗುರು ಗುರುವೇ. ಅಥವಾ ಅಂಥ ಗೌಡರು ಇಲ್ಲವೇ ಇಲ್ಲ ಎಂಬುದನ್ನೂ ಮರೆತಿದ್ದಾರೆ. ಎರಡರಲ್ಲಿ ಒಂದು. ಗಂಟು ನೋಡಿದೆ. ನನ್ನ ಗಂಟಿನ ಹಾಗೇ ಇದೆ, ಬಿಚ್ಚಲು ಬಾರದ್ದು. ಬೇಕೆಂದು ಹಾಗೆ ಕಟ್ಟಿದರೋ, ಮನೆಯಲ್ಲಿ ಬಿದ್ದಿದ್ದ ನನ್ನ ಹಳೆಯ ಪೊಟ್ಟಣವನ್ನೇ ಎತ್ತಿಕೊಂಡು ಬಂದರೋ...

ಕೇಳಬಹುದು. ಇನ್ನೂ ಕೇಳಿಲ್ಲ. ಅವರ ತುಟಿಯ ಎಡತುದಿಯನ್ನೇ ನೋಡುತ್ತಾ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ನರ್ಸು ಹೊರಗೆ ಬಂದು ಕೂಗಿದರು — ಮಂಜಪ್ಪ ಯಾರು? ಅಪ್ಪ ಅಂಗಿ ಸರಿಮಾಡಿಕೊಂಡು ಎದ್ದರು. ಎರಡು ಹೆಜ್ಜೆ ಹೋಗಿ, ನನ್ನ ಕಡೆ ತಿರುಗಿದರು. ತುಟಿಯ ಎಡತುದಿ ಮಾತ್ರ ಸ್ವಲ್ಪ ಅಲ್ಲಾಡಿತು.